ಮಗ ಬಂದರೆ ಮನೆ ಬಂದಂಗೆ

ಪಾದ್ರಿಗಳ ಬಿಳಿ ನಿಲುವಂಗಿಯ ಮೇಲೆ ಸದಾ ಕಪ್ಪು ಚುಕ್ಕೆಗಳಿರುತ್ತಿದ್ದವು. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬಿಳಿ ಬಟ್ಟೆ ಒಣಗಿಸುವುದೆಂದರೆ ಉಗಿಬಂಡಿಯ ಜೊತೆ ಜಿದ್ದಿಗೆ ಬಿದ್ದ ಹಾಗೆ. ಹಗ್ಗದ ಮೇಲೆ ಹರವಿ ಒಳಗೆ ಬರುವಷ್ಟರಲ್ಲಿ ಚಿತ್ರದುರ್ಗದ ಗಾಡಿ ಹೊರಡುತ್ತಿತ್ತು, ಕಲ್ಲಿದ್ದಲಿನ ಮಸಿ ಗಾಳಿಯಲ್ಲಿ ತೇಲಿ ಬಂದು ಕೂರುತ್ತಿತ್ತು. ಭಾನುವಾರ ಬೆಳಿಗ್ಗೆ ಆರಾಧನೆಗೆ ಮುಂಚೆ ಅವರು ಚರ್ಚಿನ ಬಾಗಿಲಲ್ಲಿ ನಿಂತು, ಅಂಗಿಯ ಮುಂಭಾಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಒಂದೊಂದೇ ಚುಕ್ಕೆಯನ್ನು ಊದುತ್ತಿದ್ದರು. ಕೆನ್ನೆ ಉಬ್ಬಿ, ಕನ್ನಡಕ ಮೂಗಿನ ತುದಿಗೆ ಜಾರಿ, ಹಸಿ ಸೌದೆಯ ಒಲೆ ಊದುವ ಹೆಂಗಸಿನ ಹಾಗೆ ಕಾಣುತ್ತಿದ್ದರು. ಕೈಯಲ್ಲಿ ಒರೆಸಬಾರದೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ಉಜ್ಜಿದರೆ ಹರಡುತ್ತದೆ ಟೀಚರೇ, ಊದಿದರೆ ಹೋಗುತ್ತದೆ" ಎಂದರು. ಜನರ ಜಗಳಕ್ಕೂ ನನ್ನ ಸಿಟ್ಟಿಗೂ ಅವರಲ್ಲಿದ್ದ ಮದ್ದು ಇದೊಂದೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದಿದ್ದ ಟೀಚರು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹತ್ತಿರದ ಹಳ್ಳಿಯವಳು. ಅಪ್ಪ ಅವ್ವ ಕುರಿ ಕಾಯ್ದು, ಒಂದಿಷ್ಟು ಹೊಲ ಉತ್ತು ನನ್ನನ್ನು ಓದಿಸಿದ್ದರು. ಒಂಟಿ ಹೆಂಗಸಿಗೆ ಮನೆ ಕೊಡಲು ಊರವರು ಮೀನಮೇಷ ಎಣಿಸುತ್ತಿದ್ದಾಗ, ಪಾದ್ರಿಮನೆಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟವರು ಇವರು. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ಎಲ್ಲರ ಹಾಗೆ ನಾನೂ ಅಮ್ಮ ಎಂದೇ ಕರೆಯುತ್ತಿದ್ದೆ. ನನ್ನನ್ನು ಬಿಟ್ಟು ಹೋಗಲು ಬಂದ ಅವ್ವ ಕೋಣೆಯ ಗೋಡೆಯ ಮೇಲಿದ್ದ ಶಿಲುಬೆಯನ್ನು ನೋಡಿ, "ಹುಷಾರವ್ವ, ಏನಾರ ಕುಡಿಸಿ ಜಾತಿಗೆ ಸೇರಿಸ್ಕಂಡ್ಬಿಟ್ಟಾರು" ಎಂದು ಕಿವಿಯಲ್ಲಿ ಹೇಳಿದಳು. ಅವರು ಕುಡಿಸಿದ್ದು ಕಾಫಿ ಮಾತ್ರ. ವರ್ಷಗಟ್ಟಲೆ ಜೊತೆಗಿದ್ದರೂ ಚರ್ಚಿಗೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ಯಾಕೆ ಕರೆಯುವುದಿಲ್ಲ ಎಂದು ನಾನೇ ಕೆಣಕಿದಾಗ, "ನೀವು ಒಳಗೆ ಬಂದು ಕಣ್ಣು ಮುಚ್ಚಿ ಕೂತರೆ ನನ್ನ ಕನ್ನಡ ತಿದ್ದುವವರು ಯಾರು?" ಎಂದರು.

ಕನ್ನಡ ತಿದ್ದುವುದು ನನಗೆ ಒಪ್ಪಿಸಿದ್ದ ಕೆಲಸ. ಪಾದ್ರಿಗಳು ಕರಾವಳಿ ಕಡೆಯವರು. ಅವರ ಮಾತು ಅಚ್ಚು ಹಾಕಿಸಿದ ಹಾಗೆ ಇರುತ್ತಿತ್ತು. ಅವರ ಸಭೆಯವರೋ ಇಂಜಿನ್ನಿಗೆ ಕಲ್ಲಿದ್ದಲು ಹಾಕುವವರು, ಹಳಿ ರಿಪೇರಿ ಮಾಡುವವರು, ಗೇಟು ಕಾಯುವವರು. ಪ್ರತಿ ಭಾನುವಾರ ಎಲ್ಲರೂ ಎದ್ದು ನಿಂತು ನಂಬಿಕೆಯ ಪ್ರಮಾಣವನ್ನು ಬಾಯಿಪಾಠ ಹೇಳುತ್ತಿದ್ದರು. ಬಹಳ ಹಿಂದೆ, ಕ್ರೈಸ್ತ ಧರ್ಮ ಇನ್ನೂ ಎಳೆಯದಾಗಿದ್ದಾಗ, ಹಿರಿಯರು ಸಭೆ ಸೇರಿ ಗ್ರೀಕ್ ಭಾಷೆಯಲ್ಲಿ ಗೊತ್ತುಮಾಡಿದ ಮಾತುಗಳು ಅವು. ತಂದೆ, ಮಗ, ಪವಿತ್ರಾತ್ಮ, ಮೂವರೂ ಒಬ್ಬನೇ ದೇವರು ಎನ್ನುವ ಮಾತು ಬಂದಾಗ ನಾನು ಕಿಟಕಿಯಾಚೆಯಿಂದ ನೋಡುತ್ತಿದ್ದೆ: ಎಲ್ಲರ ದನಿ ಗಟ್ಟಿ, ಎಲ್ಲರ ಕಣ್ಣು ಖಾಲಿ. ಪಾದ್ರಿಗಳಿಗೂ ಇದು ಗೊತ್ತಿತ್ತು. ಅದಕ್ಕೇ ಆ ಮಾತುಗಳ ಅರ್ಥವನ್ನು ತಿಳಿಗನ್ನಡದಲ್ಲಿ ಬರೆಯಲು ಕೂತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಜಗುಲಿಯಲ್ಲಿ ಓದುವುದು, ನಾನು ಅವರೆಕಾಯಿ ಬಿಡಿಸುತ್ತ ತಪ್ಪು ಹುಡುಕುವುದು. ನನಗೆ ಬಾಯಿ ಸ್ವಲ್ಪ ಜಾಸ್ತಿ. ಅವರಿಗೆ ಬೇಕಾಗಿದ್ದೂ ಅದೇ.

ಅವರಿಗೆ ಆಗದ ವಸ್ತು ಒಂದೇ ಒಂದು, ಹೋಲಿಕೆ. ಮೂರು ಹೇಗೆ ಒಂದಾಗುತ್ತದೆ ಎಂದು ಕೇಳಿದರೆ ಎಲ್ಲರೂ ಒಂದೊಂದು ಹೋಲಿಕೆ ಹಿಡಿದು ಬರುತ್ತಿದ್ದರು. ಇಂಜಿನ್ನಿನ ಫೈರ್‌ಮನ್ ಒಬ್ಬ, "ನೀರೇ ಉಗಿ ಆಗ್ತೈತೆ, ನೀರೇ ಮಂಜುಗಡ್ಡೆ ಆಗ್ತೈತೆ, ಹಂಗಲ್ವಾ ಅಯ್ಯನೋರೆ?" ಎಂದು ಬಹಳ ಹೆಮ್ಮೆಯಿಂದ ಹೇಳಿದ. "ಹಾಗಲ್ಲ ಮಾರಾಯ. ಉಗಿಯಾದಾಗ ನೀರು ಉಳಿಯುವುದಿಲ್ಲವಲ್ಲ. ನೀನು ಹೇಳಿದ್ದು ಒಬ್ಬನೇ ಮೂರು ವೇಷ ಹಾಕಿದ ಕತೆ" ಎಂದು ಅವನ ಉತ್ಸಾಹಕ್ಕೆ ತಣ್ಣೀರೆರಚಿದರು. ಬಿಲ್ವಪತ್ರೆಗೆ ಮೂರು ದಳ ಇಲ್ಲವೇ ಎಂದೆ ನಾನು. ಒಂದು ದಳ ಕಿತ್ತರೆ ಎರಡು ಉಳಿಯುತ್ತದೆ, ಅದು ಮೂರು ತುಂಡು, ಒಂದಲ್ಲ ಎಂದರು. ಒಂದೇ ಕಂಬಳಿಯಲ್ಲಿ ಮೂರು ಪಟ್ಟಿ ಎಂದೆ. ಅದಕ್ಕೂ ತಲೆಯಾಡಿಸಿದರು. ಕೊನೆಗೆ ನನಗೆ ರೇಗಿ, "ಹೋಗಲಿ, ನೀವೇ ಒಂದು ಹೇಳಿ" ಎಂದೆ.

"ಹೋಲಿಕೆ ಇಲ್ಲ ಟೀಚರೇ, ಎರಡು ಪ್ರಶ್ನೆ ಮಾತ್ರ ಇದೆ. ದೇವರು ಏನು ಎಂದು ಕೇಳಿದರೆ ಒಂದೇ ಉತ್ತರ. ಯಾರು ಎಂದು ಕೇಳಿದರೆ ಮೂರು ಹೆಸರು. ಏನು ಎನ್ನುವುದಕ್ಕೆ ಗ್ರೀಕರು ಊಸಿಯಾ ಎಂದರು, ಯಾರು ಎನ್ನುವುದಕ್ಕೆ ಹೈಪಾಸ್ಟಸಿಸ್ ಎಂದರು. ಮೊದಲು ಅವರಿಗೂ ಈ ಎರಡು ಮಾತು ಸ್ಪಷ್ಟವಿರಲಿಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯದೆ ಎಷ್ಟೋ ಕಾಲ ಹೊಡೆದಾಡಿದರು."

ನಾನು ನಕ್ಕೆ. ದೇವರ ವಿಷಯಕ್ಕೆ ಇಷ್ಟು ಕೂದಲು ಸೀಳಬೇಕೇ, ಸುಮಾರಾಗಿ ಹೇಳಿದರೆ ಸಾಲದೇ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮ ತಂದೆಯವರನ್ನು ಕುರಿತು ಯಾರಾದರೂ ಸುಮಾರಾಗಿ ಹೇಳಿದರೆ ನೀವು ಒಪ್ಪುತ್ತೀರೋ?" ಎಂದರು. ಒಪ್ಪುವುದಿಲ್ಲ. ಆವತ್ತಿನಿಂದ ಅವರ ಕೆಲಸದ ಮೇಲೆ ನನಗೆ ಗೌರವ ಬಂತು, ಆದರೆ ಬಾಯಿ ಸುಮ್ಮನಿರಲಿಲ್ಲ. ಮಗನು ತಂದೆಯೊಂದಿಗೆ 'ಏಕತತ್ತ್ವನು' ಎಂದು ಅವರು ಬರೆದಿದ್ದ ಕಡೆ ಬೆರಳಿಟ್ಟು, ಇದು ಹಳಿಯ ಮೇಲೆ ಸುತ್ತಿಗೆ ಹಿಡಿದವರಿಗೆ ತಿಳಿಯುತ್ತದೆಯೇ ಎಂದು ಕೇಳಿದೆ. ಆ ಪ್ರಮಾಣಕ್ಕೆಲ್ಲ ನಡುಗಂಬ ಅದೊಂದೇ ಪದ ಎಂದರು. ಮಗ ದೊಡ್ಡವನೇ, ಆದರೂ ಸೃಷ್ಟಿಯಾದವನು, ದೇವರ ಕೈಕೆಳಗಿನವನು ಎಂದು ಕೆಲವರು ಕಲಿಸುತ್ತಿದ್ದರಂತೆ. ಅದನ್ನು ತಡೆಯಲು ಹಿರಿಯರು ಸೇರಿಸಿದ ಪದ ಅದು. ಕೈಕೆಳಗಿನವನಾದರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳಿದೆ. ಅವರು, "ಪುಸ್ತಕದ ಉತ್ತರ ಇದೆ. ನನ್ನ ಉತ್ತರ ಇನ್ನೂ ಸಿಕ್ಕಿಲ್ಲ" ಎಂದು ಒಪ್ಪಿಕೊಂಡರು.

ಆ ಉತ್ತರ ತುರ್ತಾಗಿ ಬೇಕಾಗುವ ದಿನ ಹತ್ತಿರದಲ್ಲೇ ಇತ್ತು.

ಊರಾಚೆ ರಸ್ತೆ ಹಳಿ ದಾಟುವ ಕಡೆ ಒಂದು ಗೇಟು, ಪಕ್ಕದಲ್ಲಿ ಒಂದು ಸಣ್ಣ ಕ್ವಾರ್ಟರ್ಸು. ಅಲ್ಲಿನ ಗೇಟ್‌ಮನ್ನನ ಹೆಂಡತಿಯನ್ನು ಎಲ್ಲರೂ ಗೇಟಮ್ಮ ಎನ್ನುತ್ತಿದ್ದರು. ಅವರಿಗೆ ಇದ್ದದ್ದು ಒಬ್ಬನೇ ಮಗ. ನನ್ನಷ್ಟೇ ವಯಸ್ಸಿನವನು, ನಾನು ಬರುವ ಹಿಂದಿನ ವರ್ಷ ತೀರಿಕೊಂಡಿದ್ದ. ಗೇಟಮ್ಮ ಅವತ್ತು ಹಿರಿಯೂರಿಗೆ ತಂಗಿಯ ಮನೆಗೆ ಹೋಗಿದ್ದಳಂತೆ. ಗಂಡನಿಗೆ ಚಳಿಜ್ವರ. ಕತ್ತಲಾಗುವ ಮುಂಚೆ ಗೇಟಿನ ದೀಪ ಹಚ್ಚಬೇಕು. ಹಾಸಿಗೆಯಿಂದ ಏಳಲಾಗದೆ ಮಗನನ್ನು ಕಳಿಸಿದ್ದ. ದೀಪದ ಕಂಬದ ಬುಡದಲ್ಲಿ ಹಾವಿತ್ತು. ಆಮೇಲೆ ಗೇಟಮ್ಮ ಗಂಡನ ಜೊತೆ ಮಾತು ಬಿಟ್ಟಳು. ತಟ್ಟೆ ಬಡಿಸಿ ನೆಲದ ಮೇಲಿಟ್ಟು ಆಚೆ ಹೋಗುತ್ತಿದ್ದಳು. ಮುಂಚೆ ಗಾಡಿ ಬರುವ ಹೊತ್ತಿಗೆ ಬಾವುಟ ತಂದು ಗಂಡನ ಕೈಗೆ ಕೊಡುತ್ತಿದ್ದವಳು ಅದನ್ನೂ ನಿಲ್ಲಿಸಿದಳು. ಚರ್ಚಿಗೆ ಇಬ್ಬರೂ ಬರುತ್ತಿದ್ದರು, ಅವಳು ಮುಂದೆ, ಅವನು ಕಟ್ಟಕಡೆಯ ಬೆಂಚು.

ಒಂದು ಭಾನುವಾರ ಎಲ್ಲರೂ ಪ್ರಮಾಣ ಹೇಳಲು ಎದ್ದಾಗ ಗೇಟಮ್ಮ ಏಳಲಿಲ್ಲ. ಮುಂದಿನ ಭಾನುವಾರವೂ ಏಳಲಿಲ್ಲ. ಆರಾಧನೆ ಮುಗಿದ ಮೇಲೆ ಪಾದ್ರಿಗಳು ಅವಳನ್ನು ಜಗುಲಿಗೆ ಕರೆದರು. ನಾನು ಅಮ್ಮನ ಜೊತೆ ಅಲ್ಲೇ ಕೂತಿದ್ದೆ.

"ಮೈಯಲ್ಲಿ ಹುಷಾರಿಲ್ಲವೋ ಅಮ್ಮಾ? ಎಲ್ಲರೂ ಎದ್ದಾಗ ಕೂತೇ ಇದ್ದಿರಿ."

"ಮೈಗೇನಾಗೈತೆ ಅಯ್ಯನೋರೆ, ಕಲ್ಲಿದ್ದಂಗೈತೆ. ಆ ಮಾತು ಅನ್ನಾಕೆ ಬಾಯಿ ಬರಲ್ಲ."

"ಯಾವ ಮಾತು?"

"ಅಪ್ಪನ್ನ ನಂಬ್ತೀನಿ ಅನ್ನೋದು. ಮಗನ್ನ ಶಿಲುಬೆ ಮ್ಯಾಲೆ ಸಾಯಾಕೆ ಕಳಿಸಿ ತಾನು ಮ್ಯಾಲೆ ಸುಮ್ನೆ ಕುಂತಿದ್ದ. ಅಂಥಾ ಒಬ್ಬ ಅಪ್ಪನ್ನ ದಿನಾ ಮನೇಲಿ ನೋಡ್ತಿದೀನಿ. ಇನ್ನೊಬ್ಬನ್ನ ಬ್ಯಾರೆ ನಂಬಬೇಕಾ?"

ಗೇಟ್‌ಮನ್ ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದ. ಅವನಿಗೆ ಕೇಳಿಸಿತು. ಟವಲನ್ನು ಹೆಗಲಿನಿಂದ ತೆಗೆದು ಕೈಗೆ ಸುತ್ತಿಕೊಂಡ. ಪಾದ್ರಿಗಳು ತಂದೆ ಮಗ ಇಬ್ಬರದೂ ಒಂದೇ ತತ್ತ್ವ ಎಂದು ಶುರು ಮಾಡಿದರು. ಅವಳು ಬಿಡಲಿಲ್ಲ. "ಇಬ್ರೂ ಒಂದೇ ಅಂದ್ರೆ ಸತ್ತೋನು ಯಾರು, ಉಳ್ದೋನು ಯಾರು? ನಂಗೆ ತತ್ವ ತಿಳಿಯಲ್ಲ ಅಯ್ಯನೋರೆ. ನಂಗೆ ಮಗ ಇಲ್ಲ, ಅದೊಂದು ಗೊತ್ತು." ಸೆರಗು ಹೊದ್ದು ಎದ್ದು ಹೋದಳು. ಗಂಡ ಸ್ವಲ್ಪ ದೂರ ಬಿಟ್ಟುಕೊಂಡು ಅವಳ ಹಿಂದೆ ನಡೆದ.

ಆವತ್ತಿನಿಂದ ಪಾದ್ರಿಗಳು ಬರೆಯುವುದನ್ನು ನಿಲ್ಲಿಸಿಬಿಟ್ಟರು. ಸಂಜೆ ನಾನು ಕಾಯಿ ಬಿಡಿಸುತ್ತ ಕಾದರೂ ಕಾಗದ ಹೊರಗೆ ಬರುತ್ತಿರಲಿಲ್ಲ. "ಇಷ್ಟು ವರ್ಷ ಎಲ್ಲರ ಹೋಲಿಕೆಯಲ್ಲೂ ತಪ್ಪು ತೋರಿಸಿದ್ದೇ ಆಯಿತು. ಆ ತಾಯಿಗೆ ಒಂದು ಸರಿ ಮಾತು ಹೇಳಲು ಆಗಲಿಲ್ಲವಲ್ಲ" ಎಂದು ಅಮ್ಮನ ಹತ್ತಿರ ಹೇಳಿಕೊಂಡರಂತೆ. ಅವರನ್ನು ಹಾಗೆ ನೋಡಿ ನನಗೆ ಸಂಕಟವಾಗುತ್ತಿತ್ತು. ಊದಿದರೆ ಹೋಗುವಂಥ ಚುಕ್ಕೆ ಅದಾಗಿರಲಿಲ್ಲ.

ಅಷ್ಟರಲ್ಲಿ ನನ್ನ ಅಪ್ಪ ತೀರಿಕೊಂಡ. ಕುರಿ ಹೊಡೆದುಕೊಂಡು ಬಂದವನು ರೊಪ್ಪದ ಬಾಗಿಲು ಹಾಕಿ, ಅಲ್ಲೇ ಕೂತು, ಕೂತ ಹಾಗೇ ಹೋಗಿದ್ದ. ನಮ್ಮೂರಿನವರೊಬ್ಬರು ಸುದ್ದಿ ತಂದು ನನ್ನನ್ನು ಕರೆದುಕೊಂಡು ಹೋದರು. ಪಾದ್ರಿಗಳೂ ಅಮ್ಮನೂ ಬಸ್ಸಿನವರೆಗೆ ಬಂದು ನಿಂತಿದ್ದರು.

ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಬರುವುದು ಎಂದಿದೆ. ಬಂದವರು ಹೆಚ್ಚೇನೂ ಮಾತಾಡುವುದಿಲ್ಲ. ಬಂದು, ಕೂತು, ಹೋದವರ ಹೆಸರು ಹೇಳಿ ಎದ್ದು ಹೋಗುತ್ತಾರೆ. ಶ್ರೀರಾಂಪುರದ ಕಡೆಯಿಂದ, ಹೊಳಲ್ಕೆರೆ ಕಡೆಯಿಂದ ನೆಂಟರು ಬರುತ್ತಲೇ ಇದ್ದರು. ಅವ್ವ ಬಾಗಿಲಲ್ಲಿ ಕೂತು, ಯಾರು ಬಂದರು ಯಾರು ಬರಲಿಲ್ಲ ಎಂದು ಅಷ್ಟು ದುಃಖದಲ್ಲೂ ಲೆಕ್ಕ ಇಡುತ್ತಿದ್ದಳು. ಮಗಳಿಗೆ ಮನೆ ಕೊಟ್ಟ ಪಾದ್ರಿಗಳು ಬಂದೇ ಬರುತ್ತಾರೆ ಎಂದು ಅವಳಿಗೆ ನಂಬಿಕೆ ಇತ್ತು. ಬಂದವನು ಚರ್ಚಿನಲ್ಲಿ ಗಂಟೆ ಹೊಡೆಯುವ ತಾತ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. "ಅಯ್ಯನೋರು ಕೊಟ್ಟು ಕಳಿಸ್ಯಾರೆ. ಭಾಳ ನೊಂದ್ಕಂಡ್ರು ಅಂತ ಹೇಳು ಅಂದ್ರು" ಎಂದ.

ಅವ್ವ ಅವನಿಗೆ ಕೈಕಾಲು ತೊಳೆಯಲು ನೀರು ಕೊಟ್ಟಳು, ಹೊಟ್ಟೆತುಂಬ ಮುದ್ದೆ ಸಾರು ಇಕ್ಕಿಸಿದಳು. ಹಣ್ಣು ಮಾತ್ರ ಮುಟ್ಟಲಿಲ್ಲ. "ನಿಂದೇನೂ ತಪ್ಪಿಲ್ಲ ಕಣಪ್ಪ. ಹಣ್ಣು ತಗಂಡ್ ಹೋಗು. ಆಳು ಬಂದ್ರೆ ಬಂದಂಗಲ್ಲ ಅಂತ ನಿಮ್ಮಯ್ಯನೋರಿಗೆ ಹೇಳು" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಸುಳ್ಳು ಯಾಕೆ, ಒಳಗೊಳಗೆ ನನಗೂ ಬೇಜಾರಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಪಾದ್ರಿಗಳು ಬಂದರು. ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಮಾಡದಕೆರೆಯಲ್ಲಿ ಇಳಿದು, ಬಿಸಿಲಲ್ಲಿ ನಡೆದು ಬಂದಿದ್ದರು. ಬಿಳಿ ಅಂಗಿ ಮೊಣಕಾಲವರೆಗೆ ಧೂಳಿನಿಂದ ಕೆಂಪಾಗಿತ್ತು. ಅದನ್ನು ಅವರು ಊದಲೂ ಇಲ್ಲ, ಉಜ್ಜಲೂ ಇಲ್ಲ. ಅವ್ವ ಎದ್ದು ಅಪ್ಪನ ಕಂಬಳಿಯನ್ನೇ ಹಾಸಿ, "ಕುಂತ್ಕಳ್ರಿ" ಎಂದಳು. ಅವರು ಕೂತರು. ರೊಪ್ಪದಲ್ಲಿ ಕುರಿಗಳು ಅರಚುತ್ತಿದ್ದವು. ಅಪ್ಪ ಹೋದ ಮೇಲೆ ಅವು ಹೊಸಬರ ಕೂಗಿಗೆ ಸರಿಯಾಗಿ ಹೊರಡುತ್ತಿರಲಿಲ್ಲ.

"ತಪ್ಪಾಯಿತು ತಾಯಿ" ಎಂದರು ಪಾದ್ರಿಗಳು. "ಸಾವಿನ ಮನೆಗೆ ಈ ಅಂಗಿ ತೊಟ್ಟುಕೊಂಡು ನಾನು ಬಂದರೆ ನಿಮ್ಮ ನೆಂಟರ ಎದುರು ನಿಮಗೆ ಮುಜುಗರ ಆದೀತು ಎಂದುಕೊಂಡೆ."

"ಅಂಗಿ ಯಾರು ನೋಡ್ತಾರೆ ಅಯ್ಯನೋರೆ. ಯಾರು ಬಂದ್ರು ಅಂತ ನೋಡ್ತಾರೆ. ನಿಮಗೆ ಬರಾಕೆ ಆಗ್ಲಿಲ್ಲ ಅನ್ರಿ, ಮಗ ಇದ್ದಿದ್ರೆ ಮಗನ್ನ ಕಳಿಸಬೌದಿತ್ತು."

"ಮಗ ಬಂದರೆ ಸಾಕೋ? ಅವನನ್ನೂ ಕಳಿಸಿದ್ದೇ ಅಲ್ಲವೋ?"

ಅವ್ವನಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಆಳೂ ಮಗಾನೂ ಒಂದೇನಾ? ಆಳು ಬಂದ್ರೆ ಸುದ್ದಿ ಬಂದಂಗೆ. ಮಗ ಬಂದ್ರೆ ಮನೆ ಬಂದಂಗೆ. ಹಟ್ಟೀಲಿ ಯಾರ್ನ ಕೇಳಿದ್ರೂ ಇದನ್ನೇ ಹೇಳ್ತಾರೆ" ಎಂದಳು.

ಪಾದ್ರಿಗಳು ಕೈಯಲ್ಲಿದ್ದ ಲೋಟವನ್ನು ಹಾಗೇ ಹಿಡಿದು ಕೂತುಬಿಟ್ಟರು. ಆ ಮುಖ ನನಗೆ ಗೊತ್ತಿತ್ತು. ಗ್ರೀಕ್ ಪದಕ್ಕೆ ಕನ್ನಡ ಹುಡುಕುವಾಗಿನ ಮುಖ ಅದು. ಅಪ್ಪ ಸತ್ತ ಮನೆಯಲ್ಲಿ ಕೂತು ಇವರಿಗೆ ಪ್ರಮಾಣದ ಚಿಂತೆ, ಅಜ್ಜಿಗೆ ಅರಿವೆ ಚಿಂತೆ ಅಂದ ಹಾಗೆ, ಎಂದು ನನಗೆ ಸಿಟ್ಟೇ ಬಂತು. ಆದರೆ ಏಳುವ ಮುಂಚೆ ಅವರು ಅಪ್ಪನ ಹೆಸರು ಹೇಳಿದರು, ಅವನು ಹೇಗಿದ್ದ ಎಂದು ಕೇಳಿದರು. ಅವ್ವ ಹೇಳುತ್ತ ಹೋದಳು: ಮಳೆಯಲ್ಲಿ ಮರಿಗಳನ್ನು ಕಂಬಳಿಯೊಳಗೆ ಹಾಕಿಕೊಂಡು ತಾನು ನೆನೆಯುತ್ತಿದ್ದದ್ದು, ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದದ್ದು. ಅವರು ಒಂದೊಂದಕ್ಕೂ ಸರಿಯಾಗಿ ಹೇಗೆ, ಎಲ್ಲಿ, ಯಾವಾಗ ಎಂದು ಕೇಳಿದರು. ಸುಮಾರಾದ ಉತ್ತರಕ್ಕೆ ಒಪ್ಪಲಿಲ್ಲ. ಸತ್ತ ಮೇಲೆ ಮೊದಲ ಬಾರಿಗೆ ಅಪ್ಪ ಆ ಮನೆಯಲ್ಲಿ ಎದ್ದು ಓಡಾಡಿದ ಹಾಗಾಯಿತು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ನಾನು ಚಿಕ್ಕಜಾಜೂರಿಗೆ ಮರಳಿದ ಮೇಲೆ ಒಂದು ಸಂಜೆ ಪಾದ್ರಿಗಳು, "ಟೀಚರೇ, ಗೇಟಿನವರೆಗೆ ಹೋಗಿ ಬರುವ, ಬರುತ್ತೀರೋ?" ಎಂದರು. ಅಲ್ಲಿಯವರೆಗೆ ಅವರು ಗೇಟಮ್ಮನನ್ನು ತಮ್ಮ ಜಗುಲಿಗೆ ಕರೆಸಿದ್ದರೇ ಹೊರತು ತಾವು ಅವಳ ಬಾಗಿಲಿಗೆ ಹೋಗಿರಲಿಲ್ಲ. ನಾವು ಹೋದಾಗ ಅವಳು ರಾಗಿ ಕೇರುತ್ತಿದ್ದಳು. ಗಂಡ ದೀಪದ ಕಂಬದ ಹತ್ತಿರ ಕಲ್ಲಿನ ಮೇಲೆ ಕೂತಿದ್ದ.

ಪಾದ್ರಿಗಳು ಬಾಳೆಹಣ್ಣಿನ ಕತೆಯನ್ನು ಮೊದಲಿನಿಂದ ಹೇಳಿದರು. ಗೇಟಮ್ಮ ಮೊರ ಕೆಳಗಿಟ್ಟಳು. "ಸಾವಿನ ಮನೆಗೆ ಆಳನ್ನ ಕಳಿಸಿದ್ರಾ? ಇಷ್ಟು ಓದೀರಿ, ಇದು ಗೊತ್ತಾಗ್ಲಿಲ್ವಾ?" ಎಂದಳು. ಎಷ್ಟೋ ದಿನದ ಮೇಲೆ ಅವಳ ತುಟಿಯಲ್ಲಿ ನಗೆಯ ಎಳೆ ಕಂಡಿತು.

"ಗೊತ್ತಾಗಲಿಲ್ಲ ಅಮ್ಮಾ. ಹಿಂದೆ ಕೆಲವರು ದೇವರ ವಿಷಯದಲ್ಲೂ ಹಾಗೆಯೇ ಹೇಳಿದರು. ದೇವರು ಬಹಳ ದೊಡ್ಡವನು, ಈ ಧೂಳಿಗೆ ತಾನೇ ಬರುವವನಲ್ಲ, ತನ್ನ ಕೈಕೆಳಗಿನವನನ್ನು ಕಳಿಸಿದ ಎಂದರು. ನಮ್ಮ ಹಿರಿಯರು ಒಪ್ಪಲಿಲ್ಲ. ಬಂದವನು ಆಳಲ್ಲ, ಮಗ ಎಂದರು. ಮಗ ಬಂದರೆ ಮನೆಯೇ ಬಂದ ಹಾಗೆ. ಒಂದೇ ತತ್ತ್ವ ಎಂದು ನಾನು ಹೇಳಿದ ಆ ಕಷ್ಟದ ಪದಕ್ಕೆ ಇಷ್ಟೇ ಅರ್ಥ. ಮೇಲೆ ಯಾರೂ ಸುಮ್ಮನೆ ಕೂತಿರಲಿಲ್ಲ."

ಗೇಟಮ್ಮ ರಾಗಿಯಲ್ಲಿ ಬೆರಳಾಡಿಸಿದಳು. "ಹಂಗಾದ್ರೆ ಅಪ್ಪನಿಗೂ ನೋವಾತಾ?"

ನಾನು ಪಾದ್ರಿಗಳ ಮುಖ ನೋಡಿದೆ. ತಂದೆಯೇ ಸತ್ತ ಎಂದರೆ ತಪ್ಪು, ಅದು ಮತ್ತೆ ಒಬ್ಬನೇ ವೇಷ ಬದಲಿಸಿದ ಕತೆಯಾಗುತ್ತದೆ ಎಂದು ಅವರೇ ನನಗೆ ಹತ್ತಾರು ಸಲ ಹೇಳಿದ್ದರು. ಹೌದು ಎಂದುಬಿಟ್ಟರೆ ಆ ಹೆಂಗಸಿಗೆ ಸಮಾಧಾನ, ಇಲ್ಲ ಎಂದರೆ ಅವಳು ಮತ್ತೆ ಏಳುವುದಿಲ್ಲ. ಅವರು ಕಲ್ಲಿನ ಮೇಲೆ ಕೂತವನನ್ನು ಒಮ್ಮೆ ನೋಡಿದರು.

"ಸತ್ತವನು ಮಗನೇ ಅಮ್ಮಾ. ಇಬ್ಬರು ಇಬ್ಬರೇ. ಅದನ್ನು ನಾನು ಬದಲಿಸಲಾರೆ. ಆದರೆ ಮಗನಿಗೆ ಆದದ್ದು ಆ ಅಪ್ಪನಿಗೆ ಯಾರೋ ತಂದ ಸುದ್ದಿಯಾಗಿರಲಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ."

ಆಗ ಗೇಟ್‌ಮನ್ ಬಾಯಿ ಬಿಟ್ಟ. ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

"ನಂಗೂ ಯಾರೂ ಸುದ್ದಿ ತರಲಿಲ್ಲ ಅಯ್ಯನೋರೆ. ಅವ್ನು ಅಪ್ಪಾ ಅಂದಿದ್ದು ಕೇಳ್ತು. ಜ್ವರದಾಗೇ ಎದ್ದು ಓಡಿದೆ. ಹಾವು ಕಚ್ಚಿದ್ದ ಕಡೆ ಬಾಯಿಟ್ಟು ಇಸ ಎಳೆದೆ. ನಾನಾದ್ರೂ ಹೋಗ್ತೀನಿ, ಅವ್ನು ಉಳೀಲಿ ಅಂತ ಎಳೆದೆ. ನಂಗೇನೂ ಆಗ್ಲಿಲ್ಲ. ಅವ್ನು ತೊಡೆ ಮ್ಯಾಲೇ ಹೋದ."

ಗೇಟಮ್ಮ ತಲೆ ಎತ್ತಿದಳು. "ಇದನ್ನ ನೀ ಹೇಳ್ಲೇ ಇಲ್ವಲ್ಲ."

"ನೀ ಕೇಳ್ಲಿಲ್ಲ. ಕೇಳಿದ್ರೂ ಹೆಂಗೆ ಹೇಳ್ಲಿ? ಉಳ್ಕಂಡೋನಿಗೆ ಬಾಯೆಲ್ಲಿ ಐತೆ?"

ಅಷ್ಟರಲ್ಲಿ ಹೊಳಲ್ಕೆರೆ ಕಡೆಯಿಂದ ಗಾಡಿಯ ಕೂಗು ಕೇಳಿಸಿತು. ಗೇಟ್‌ಮನ್ ಎದ್ದು ಗೇಟು ಹಾಕಲು ಹೋದ. ಗೇಟಮ್ಮ ಒಳಗೆ ಹೋದಳು. ಅಳಲು ಹೋದಳು ಎಂದುಕೊಂಡೆ. ಹಸಿರು ಬಾವುಟ ಹಿಡಿದುಕೊಂಡು ಹೊರಗೆ ಬಂದಳು. ಹಳಿಯವರೆಗೆ ನಡೆದು ಹೋಗಿ ಅದನ್ನು ಗಂಡನ ಕೈಗೆ ಕೊಟ್ಟು, ಗಾಡಿ ಪೂರ್ತಿ ಹೋಗುವವರೆಗೆ ಅವನ ಪಕ್ಕದಲ್ಲೇ ನಿಂತಳು. ಹೊಗೆಯೆಲ್ಲ ನಮ್ಮ ಮೇಲೆ ಬಂತು.

ವಾಪಸ್ಸು ಬರುವಾಗ ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ನಾನು ನಾನಲ್ಲ. "ಹೋಲಿಕೆ ಬೇಡ ಬೇಡ ಎಂದು ನಮ್ಮನ್ನೆಲ್ಲ ಹೆದರಿಸಿ, ಕೊನೆಗೆ ನೀವೇ ಒಂದು ಹೇಳಿದಿರಿ" ಎಂದೆ.

"ಇದೂ ಮುರಿಯುತ್ತದೆ ಟೀಚರೇ. ಎಲ್ಲಿ ಎಂದೂ ಗೊತ್ತು. ಮನೆಯ ಮಗ ಅಪ್ಪನ ಆಮೇಲೆ ಹುಟ್ಟಿದವನು. ದೇವರ ಮಗನಿಗೆ ಮೊದಲು, ಆಮೇಲೆ ಎನ್ನುವುದೇ ಇಲ್ಲ. ಆದರೆ ಒಬ್ಬ ತಾಯಿ ಹಳ್ಳ ದಾಟಿ ಹೋಗುವಷ್ಟು ಹೊತ್ತು ಈ ಹಲಗೆ ಭಾರ ತಡೆಯುತ್ತದೆ" ಎಂದರು. ಆಮೇಲೆ ನಿಂತು, ಅಂಗಿಯ ಮೇಲಿನ ಮಸಿಯನ್ನು ಊದತೊಡಗಿದರು.

ಭಾನುವಾರ ನಾನು ಕಿಟಕಿಯಾಚೆ ಹೋಗಿ ನಿಂತೆ. ಪ್ರಮಾಣ ಶುರುವಾದಾಗ ಗೇಟಮ್ಮ ಕೂತೇ ಇದ್ದಳು. ಮಗನು ತಂದೆಯೊಂದಿಗೆ ಒಂದೇ ಎನ್ನುವ ಸಾಲು ಬಂದಾಗ ಮುಂದಿನ ಬೆಂಚು ಹಿಡಿದುಕೊಂಡು ಎದ್ದಳು. ಬಾಯಿ ಅಲ್ಲಾಡಿತೋ ಇಲ್ಲವೋ ನನಗೆ ಕಾಣಲಿಲ್ಲ. ಪಾದ್ರಿಗಳು ಬರೆಯುವುದನ್ನು ಮತ್ತೆ ಶುರು ಮಾಡಿದರು. 'ಏಕತತ್ತ್ವನು' ಎನ್ನುವ ಪದವನ್ನು ಹಾಗೇ ಇಟ್ಟು, ಕೆಳಗೆ ನಮ್ಮ ಅವ್ವನ ಮಾತನ್ನು ಬರೆದು, ಅದರ ಕೆಳಗೆ ಈ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ಬರೆದರು. ಅವ್ವನ ಕನ್ನಡಕ್ಕೆ ಕೈ ಹಚ್ಚಬೇಡಿ ಎಂದು ನನಗೆ ತಾಕೀತು ಮಾಡಿದರು.

ಕೆಲವು ವರ್ಷಗಳ ಮೇಲೆ ಅವರಿಗೆ ವಯಸ್ಸಾಗಿ, ಅಮ್ಮನ ಜೊತೆ ತಮ್ಮ ಕರಾವಳಿಯ ಊರಿಗೆ ಹೋದರು. ನಾನೂ ಮದುವೆಯಾಗಿ ಹೊಳಲ್ಕೆರೆಗೆ ಬಂದೆ. ಆ ದಶಕ ಮುಗಿಯುವ ಮುಂಚೆಯೇ ಪಾದ್ರಿಗಳು ತೀರಿಕೊಂಡರೆಂಬ ಸುದ್ದಿ ಬಂತು. ಅಷ್ಟು ದೂರ, ಘಟ್ಟ ಬೇರೆ, ಒಂದು ತಂತಿ ಕೊಟ್ಟರೆ ಸಾಲದೇ ಎಂದರು ನನ್ನ ಮನೆಯವರು. ಸಾಲದು ಎಂದೆ. ಯಾರ ಮನೆಯಲ್ಲಿ ಸಾವಾದರೂ ನಾನು ತಂತಿ ಕೊಟ್ಟವಳಲ್ಲ, ಈಗಲೂ ಫೋನು ಮಾಡಿ ಮುಗಿಸುವವಳಲ್ಲ. ಅದು ಅವ್ವನಿಂದ ಬಂದದ್ದು, ಆದರೆ ಅದಕ್ಕೆ ಎಷ್ಟು ಆಳ ಇದೆ ಎಂದು ತೋರಿಸಿದವರು ಪಾದ್ರಿಗಳು.

ರೈಲು ಹತ್ತಲು ಚಿಕ್ಕಜಾಜೂರಿಗೆ ಬಂದವಳು ಗೇಟಿಗೆ ಹೋಗಿ ಸುದ್ದಿ ಹೇಳಿದೆ. ಗೇಟಮ್ಮ ಅತ್ತಳು. ತಾನೂ ಬರುತ್ತೇನೆಂದು ಗೋಡೆ ಹಿಡಿದು ಎದ್ದಳು. ಮೊಣಕಾಲು ಬಾತು ಹೋಗಿದ್ದವು, ಬಾಗಿಲು ದಾಟಲು ಆಗಲಿಲ್ಲ. ಮತ್ತೆ ಕೂತು, ಗಂಡನನ್ನು ಕರೆದು, ಹೋಗಿ ಮಡಿ ಬಟ್ಟೆ ಉಟ್ಟುಕೊಂಡು ಬಾ ಎಂದಳು. ಅವನು ಬಂದ ಮೇಲೆ ಅಂಗಿಯ ಗುಂಡಿಯನ್ನು ತಾನೇ ಸರಿಮಾಡಿದಳು.

"ಕರ್ಕಂಡ್ ಹೋಗು ಟೀಚರಮ್ಮ. ಅಮ್ಮೋರಿಗೆ ಹೇಳು, ಆಳನ್ನ ಕಳಿಸಿಲ್ಲ ಅಂತ."

ಅರಸೀಕೆರೆವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ಬಸ್ಸು. ಗೇಟ್‌ಮನ್ ದಾರಿಯುದ್ದಕ್ಕೂ ಕಿಟಕಿಯಾಚೆ ಯಾವುದಾದರೂ ಗೇಟು ಕಂಡರೆ ಬಾಗಿ ನೋಡುತ್ತಿದ್ದ. ನಾವು ಅಂಗಳಕ್ಕೆ ಕಾಲಿಟ್ಟಾಗ ಪಾದ್ರಿಗಳ ನಿಲುವಂಗಿಯನ್ನು ಯಾರೋ ಒಗೆದು ಹಗ್ಗದ ಮೇಲೆ ಹಾಕಿದ್ದರು. ಮಸಿಯ ಸುಳಿವೇ ಇಲ್ಲದ ಆ ಬಿಳುಪನ್ನು ನೋಡಿ ನನಗೆ ಅದು ಅವರದಲ್ಲ ಅನ್ನಿಸಿ ದುಃಖ ಉಕ್ಕಿ ಬಂತು. ಅಮ್ಮ ಬಾಗಿಲಲ್ಲಿ ಕೂತಿದ್ದರು. ನನ್ನನ್ನು ತಬ್ಬಿಕೊಂಡು ಅತ್ತರು. ಆಮೇಲೆ ನನ್ನ ಹಿಂದೆ ನಿಂತಿದ್ದವನ ಗುರುತು ಹಿಡಿದು, ಗೇಟಮ್ಮ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದರು.

ನಾನು ಹೇಳಲು ಬಾಯಿ ತೆಗೆಯುವ ಮುಂಚೆ ಗೇಟ್‌ಮನ್ ಟವಲನ್ನು ಹೆಗಲಿನಿಂದ ತೆಗೆದು ಮುಂದೆ ಬಂದ.

"ಅವ್ಳಿಗೆ ಕಾಲು ಬರಲ್ಲ ಅಮ್ಮೋರೆ. ನಾನು ಬಂದ್ರೆ ಅವ್ಳು ಬಂದಂಗೆ ಅಂತ ಅವ್ಳೇ ಕಳಿಸ್ಯಾಳೆ."

ಅಮ್ಮ ಅವನ ಎರಡೂ ಕೈ ಹಿಡಿದುಕೊಂಡರು. "ಬಂದಳಲ್ಲ, ಸಾಕು" ಎಂದರು.